ಸಹಿ ಬಿದ್ದ ಕೂಡಲೇ ಕಾನೂನಾಗುತ್ತದೆಯೇ?

‘ಜಾಗತಿಕ ಒಪ್ಪಂದಕ್ಕೆ ಸಹಿ ಬಿದ್ದಿದೆ, ಇನ್ನು ದೇಶಗಳ ಕಾನೂನಿಗೆ ಬೆಲೆಯಿಲ್ಲ, ಎಲ್ಲವನ್ನೂ ವಿಶ್ವ ಸರ್ಕಾರವೇ ನಡೆಸುತ್ತದೆ’ ಎಂಬ ಸಂದೇಶ ನಿಮಗೂ ಬಂದಿರಬಹುದು. ಓದಿದರೆ ಆತಂಕವಾಗುವುದು ಸಹಜ. ಆದರೆ ಇದು ನಿಜವಲ್ಲ. ಅಂಥ ವಿಶ್ವ ಸರ್ಕಾರವೇ ಇಲ್ಲ.

ದೊಡ್ಡ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಸಹಿ ಮೊದಲ ಹೆಜ್ಜೆ ಅಷ್ಟೇ. ಆಮೇಲೆ ಪ್ರತಿ ದೇಶವೂ ತನ್ನದೇ ಕ್ರಮದಲ್ಲಿ ಅದನ್ನು ಅನುಮೋದಿಸಬೇಕು. ಭೂಮಿಯನ್ನು ಬಿಸಿಯಾಗಿಸುವ ಅನಿಲಗಳನ್ನು ಕಡಿಮೆ ಮಾಡುವ 1997ರ ಕ್ಯೋಟೊ ಒಪ್ಪಂದವನ್ನೇ ನೋಡಿ. ಅಮೆರಿಕ 1998ರಲ್ಲಿ ಸಹಿ ಹಾಕಿತು, ಅನುಮೋದಿಸಲೇ ಇಲ್ಲ. ಹಾಗಾಗಿ ಅದರ ಗುರಿಗಳು ಅಮೆರಿಕಕ್ಕೆ ಅನ್ವಯಿಸಲಿಲ್ಲ. ಓಝೋನ್ ಪದರ ಉಳಿಸುವ 1987ರ ಮಾಂಟ್ರಿಯಲ್ ಒಪ್ಪಂದವನ್ನು ಎಲ್ಲ ದೇಶಗಳೂ ಒಪ್ಪಿಕೊಂಡವು. ಆದರೂ ಅದನ್ನು ಜಾರಿಗೆ ತಂದದ್ದು ಆಯಾ ದೇಶದ ಸರ್ಕಾರವೇ.

ಮಾತುಕತೆಯಲ್ಲಿ ವಿಜ್ಞಾನಿಗಳು, ಕಂಪನಿಗಳು, ಸ್ವಯಂಸೇವಾ ಸಂಘಟನೆಗಳೂ ಇರುತ್ತಾರೆ. ಅವರ ಪ್ರಭಾವ ಜಾಸ್ತಿಯಾಯಿತೇ ಎಂದು ಕೇಳುವುದು ನ್ಯಾಯವೇ. ಒಪ್ಪಂದಕ್ಕೆ ಒಪ್ಪಿಗೆ ಕೊಡುವುದು ಮಾತ್ರ ಸರ್ಕಾರಗಳು.

ಪರೀಕ್ಷಿಸುವುದು ಕಷ್ಟವಲ್ಲ. ಸಂದೇಶದಲ್ಲಿ ಒಪ್ಪಂದದ ಹೆಸರು, ವರ್ಷ, ವಿಧಿಯ ಸಂಖ್ಯೆ ಇದೆಯೇ? ಇದ್ದರೆ ಮೂಲ ಪಠ್ಯ ಹುಡುಕಿ, ಆ ವಿಧಿಯನ್ನೇ ಓದಿ. ಕೊನೆಯ ಪುಟಗಳಲ್ಲಿ ಜಾರಿಗೆ ಬರುವ ಷರತ್ತು ಇರುತ್ತದೆ, ಎಷ್ಟೋ ಒಪ್ಪಂದಗಳಲ್ಲಿ ಹೊರಬರುವ ದಾರಿಯೂ ಇರುತ್ತದೆ. ಸಹಿ ಹಾಕಿದವರ ಮತ್ತು ಅನುಮೋದಿಸಿದವರ ಪಟ್ಟಿಯೂ ಸಾರ್ವಜನಿಕವಾಗಿ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.