ಸತ್ಯಾಂಶ: ಕಳೆ ಸಾಯಿಸೋ ಭತ್ತ ಇದೆಯಾ?

ಕುಣಿಗಲ್ ಕಡೆ ರೈತರ ಗ್ರೂಪ್‌ಗಳಲ್ಲಿ ಒಂದು ಫಾರ್ವರ್ಡ್ ಓಡಾಡ್ತಿದೆ, "ಈ ಭತ್ತ ಹಾಕಿ, ಕಳೆ ಕೀಳೋದೇ ಬೇಡ" ಅಂತ. ಅರ್ಧ ನಿಜ ಅಷ್ಟೇ. ಕೆಲವು ತಳಿಗಳ ಬೇರು ಮೊಮಿಲ್ಯಾಕ್ಟೋನ್ ಅನ್ನೋ ರಾಸಾಯನಿಕ ಬಿಡತ್ತೆ, ಅದು ಪಕ್ಕದ ಹುಲ್ಲಿನ ಮೊಳಕೆ ಏಳೋದನ್ನ ತಡೆಯತ್ತೆ, 1980ರ ದಶಕದಲ್ಲೇ ಅಮೆರಿಕದ ಅರ್ಕನ್ಸಾದಲ್ಲಿ ಸಾವಿರಾರು ತಳಿ ಬೆಳೆಸಿ ಯಾವುದರ ಸುತ್ತ ಕಳೆ ಕಮ್ಮಿ ಅಂತ ನೋಡಿದ್ರು, ಆ ಗುಣ ಕಂಡಿದ್ದು ಸ್ವಲ್ಪ ತಳಿಗಳಲ್ಲಿ ಮಾತ್ರ. ಆದ್ರೆ ತಡೆಯೋದು ಬೇರೆ, ಸಾಯಿಸೋದು ಬೇರೆ ಕಣ್ರೀ. ಲ್ಯಾಬಿನ ತಟ್ಟೇಲಿ ಗೆದ್ದಿದ್ದು ಗದ್ದೇಲಿ ಗೆಲ್ಲಬೇಕು ಅಂತಿಲ್ಲ, ಮಣ್ಣಲ್ಲಿರೋ ಸೂಕ್ಷ್ಮಜೀವಿಗಳೇ ಆ ರಾಸಾಯನಿಕ ತಿಂದು ಹಾಕ್ತವೆ. ಎತ್ತರ ಬೆಳೆದು, ಬೇಗ ತೆಂಡೆ ಒಡೆದು ನೆರಳು ಮಾಡೋ ಭತ್ತಾನೂ ಕಳೆ ಅಡಗಿಸತ್ತೆ, ಅದಕ್ಕೆ ಟೆಸ್ಟ್ ಮಾಡೋರು ರಾಸಾಯನಿಕದ ಪರಿಣಾಮ, ನೆರಳಿನ ಪರಿಣಾಮ ಎರಡನ್ನೂ ಬೇರೆ ಬೇರೆ ಅಳೀತಾರೆ. ಹಾಗಾಗಿ ನಾಟಿ ಆದ ಮೊದಲ ತಿಂಗಳು ಗದ್ದೇಲಿ ನೀರು ನಿಂತಿರೋ ಹಾಗೆ ನೋಡ್ಕೊಳ್ಳೋದು, ಕಳೆ ತೆಗೆಯೋದು ಬಿಡೋ ಹಾಗಿಲ್ಲ.