ನೀನು ಇಲ್ಲಿಲ್ಲ, ಆದರೆ ತೆರಿಗೆ ಬಾಕಿ ಇದೆ

ಅಮೆರಿಕದಲ್ಲಿ ಕಾಗದಪತ್ರ ಇಲ್ಲದ ವಲಸಿಗ ಕೆಲಸ ಮಾಡುವಂತಿಲ್ಲ. ಸರಿ, ಕಾನೂನು ಅಂದಮೇಲೆ ಕಾನೂನು. ಆದರೆ ಮಾಡಬಾರದ ಆ ಕೆಲಸದಿಂದ ಬಂದ ದುಡ್ಡಿಗೆ ತೆರಿಗೆ ಮಾತ್ರ ಕಟ್ಟಲೇಬೇಕು. ಅಲ್ಲಿ ಕೆಲಸಕ್ಕೂ ತೆರಿಗೆಗೂ ಕೇಳುವ ಸೋಷಿಯಲ್ ಸೆಕ್ಯುರಿಟಿ ನಂಬರ್ ಸಿಗದವರೂ ತಪ್ಪಿಸಿಕೊಳ್ಳಬಾರದಲ್ವಾ, ಅದಕ್ಕೇ 1996ರಲ್ಲಿ ಅಲ್ಲಿನ ತೆರಿಗೆ ಇಲಾಖೆ ಐಟಿಐಎನ್ ಅಂತ ಒಂಬತ್ತು ಅಂಕಿಯ ಬೇರೆ ನಂಬರನ್ನೇ ಶುರು ಮಾಡಿತು. ಒಂದು ಕಿಟಕಿಯಲ್ಲಿ ಕೇಳಿದರೆ 'ನೀನು ಈ ದೇಶದಲ್ಲಿ ಇರಲೇಬಾರದು' ಅಂತಾರೆ. ಪಕ್ಕದ ಕಿಟಕಿಯವನು ನಯವಾಗಿ, 'ಅದಿರಲಿ, ಏಪ್ರಿಲ್ 15ರೊಳಗೆ ಕಟ್ಟಿಬಿಡಿ' ಅಂತಾನೆ.

ಕಟ್ಟುತ್ತಾರೆ ಕೂಡ. ಐಟಿಇಪಿ ಅನ್ನುವ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಇಂಥವರು ಕಟ್ಟಿದ ತೆರಿಗೆ 9,670 ಕೋಟಿ ಡಾಲರ್. ಅದರಲ್ಲಿ 2,570 ಕೋಟಿ ಹೋಗಿದ್ದು ಮುದುಕರ ಪಿಂಚಣಿ ನಿಧಿಗೆ. ಕಾಗದ ಸಿಗದಿದ್ದರೆ ಕಟ್ಟಿದವರಿಗೆ ಆ ಪಿಂಚಣಿಯಲ್ಲಿ ಒಂದು ಪೈಸೆಯೂ ಸಿಗಲ್ಲ. ಇವರೇ ದೇಶಕ್ಕೆ ಹೊರೆ ಅಂತ ಭಾಷಣ ಮಾಡುವ ಅಜ್ಜನ ಪಿಂಚಣಿಯಲ್ಲಿ ಇವರ ಬೆವರೂ ಇದೆ, ಪಾಪ ಅಜ್ಜನಿಗೆ ಯಾರೂ ಹೇಳಿಲ್ಲ.

ಇನ್ನು ಕೆಲಸ ಕೊಟ್ಟವರ ಕಥೆ. 1986ರ ಕಾನೂನು ಹೇಳುವುದಿಷ್ಟು: 'ಗೊತ್ತಿದ್ದೂ' ಅಂಥವರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು. ಆಹಾ, ಎಂಥ ಪದ! ತೋರಿಸಿದ ಕಾಗದ ನೋಡಲು ಅಸಲಿಯಂತಿದ್ದರೆ ಸಾಕು, ಮಾಲೀಕರಿಗೆ ಏನೂ ಗೊತ್ತಿಲ್ಲ. ಗೊತ್ತಿಲ್ಲದೇ ಇರುವುದೇ ಅಲ್ಲಿ ದೊಡ್ಡ ಉದ್ಯಮ.

2011ರಲ್ಲಿ ಜಾರ್ಜಿಯಾ ರಾಜ್ಯ ಸ್ವಲ್ಪ ಜಾಸ್ತಿಯೇ ರೋಷ ತೋರಿಸಿತು. ಕಾಗದವಿಲ್ಲದ ವಲಸಿಗರ ವಿರುದ್ಧ ಬಿಗಿ ಕಾನೂನು ಬಂತು. ಕೂಲಿಯವರು ಆ ಕಡೆ ಸುಳಿಯಲಿಲ್ಲ, ಕೊಯ್ಯುವವರಿಲ್ಲದೆ ಫಸಲು ಹೊಲದಲ್ಲೇ ಕೊಳೆಯಿತು, ರೈತರು ಬಾಯಿ ಬಾಯಿ ಬಡಿದುಕೊಂಡರು. ಆಗ ಗವರ್ನರ್ ನೇಥನ್ ಡೀಲ್ ಅವರಿಗೆ ಹೊಳೆದ ಉಪಾಯ ನೋಡಿ: ಪ್ರೊಬೇಷನ್ ಮೇಲೆ, ಅಂದರೆ ಜೈಲಿನ ಬದಲು ನಿಗಾದಲ್ಲಿ ಹೊರಗಿರುವ ಅಪರಾಧಿಗಳನ್ನು ಹೊಲಕ್ಕೆ ಕಳಿಸೋಣ! ಕಾನೂನು ಮುರಿದವರು ಬೇಡ ಅಂತ ಓಡಿಸಿ, ಅವರ ಜಾಗಕ್ಕೆ ಕಾನೂನು ಮುರಿದವರನ್ನೇ ಕರೆತಂದರು, ಈ ಸಲ ಸ್ವದೇಶಿ ಮಾಲು ಅಷ್ಟೆ. ಸೌತೆಕಾಯಿ ಕೀಳಲು ಹೋದವರಲ್ಲಿ ಹಲವರು ಬಿಸಿಲು ತಡೆಯಲಾರದೆ ಮೊದಲ ದಿನವೇ ಕೈಚೆಲ್ಲಿದರು. ವಿದೇಶೀಯರು ಕಿತ್ತುಕೊಂಡಿದ್ದರು ಅನ್ನುವ ಆ ಕೆಲಸ, ವಾಪಸ್ ಕೊಟ್ಟರೂ ಯಾರಿಗೂ ಬೇಡ.

ಇಷ್ಟಾದರೂ ತೆರಿಗೆ ಇಲಾಖೆಯ ಮೇಲೆ ಜನಕ್ಕೆ ಒಂದು ನಂಬಿಕೆ ಇತ್ತು: ನಮ್ಮ ಗುಟ್ಟು ಇಲ್ಲಿಂದ ಆಚೆ ಹೋಗಲ್ಲ ಅಂತ. 2025ರ ಏಪ್ರಿಲ್‌ನಲ್ಲಿ, ಅದೂ ತೆರಿಗೆ ಕಟ್ಟುವ ತಿಂಗಳಲ್ಲೇ, ಗಡೀಪಾರು ಮಾಡುವವರಿಗೆ ಇವರ ವಿಳಾಸ ಕೊಡುವ ಒಪ್ಪಂದಕ್ಕೆ ಸಹಿ ಬಿತ್ತು. ವಿಷಯ ಕೋರ್ಟಿಗೆ ಹೋಯಿತು, ಅದು ಬೇರೆ ಮಾತು. ಆದರೆ ಪ್ರತಿ ವರ್ಷ ನಿಯತ್ತಾಗಿ ಫಾರಂ ತುಂಬಿ, ಮನೆ ನಂಬರ್ ಸಮೇತ ಬರೆದುಕೊಟ್ಟವನ ಬಾಗಿಲು ಎಲ್ಲಿದೆ ಅಂತ ಸರ್ಕಾರಕ್ಕೆ ಗೊತ್ತು. ಒಂದು ಡಾಲರೂ ಕಟ್ಟದೆ ನುಣುಚಿಕೊಂಡವನ ವಿಳಾಸ ಆ ಕಡತದಲ್ಲಿ ಇಲ್ಲವೇ ಇಲ್ಲ.