ಕರ್ಟನ್ ಆಮೇಲೆ, ಮೊದಲು ಬಸ್ಸಿನ ಕೆಳಗೆ ನುಗ್ಗಿ

ನಿನ್ನೆ ರಾತ್ರಿ ನನ್ನ ನಿದ್ದೆ ಕೆಡಿಸಿದ್ದು ಒಂದು ವಿಡಿಯೊ. ಗಂಡ ಹೆಂಡತಿ ಸೇರಿ ಒಂದು ಹಳೇ ಸ್ಕೂಲ್ ಬಸ್ ಕೊಂಡು, ಅದನ್ನೇ ಮನೆ ಮಾಡಿಕೊಂಡು, ಇನ್ನು ಮುಂದೆ ಊರೂರು ಸುತ್ತುತ್ತಲೇ ಬದುಕುತ್ತಾರಂತೆ. ಒಳ್ಳೇದು. ಕರ್ಟನ್ ಬಟ್ಟೆ ಆರಿಸಿದ್ದು ತೋರಿಸಿದರು. ಗೋಡೆಗೆ ಮರದ ಪಟ್ಟಿ ಹೊಡೆದದ್ದು, ಕಿಟಕಿಗೆ ಬಳ್ಳಿ ಕುಂಡ ನೇತುಹಾಕಿದ್ದು, ಹಾಸಿಗೆಯ ಸುತ್ತ ಮಿಣಮಿಣ ದೀಪ ಸುತ್ತಿದ್ದು, ಎಲ್ಲಾ ತೋರಿಸಿದರು. ಬಸ್ಸಿನ ಕೆಳಗೆ ಮಲಗಿ ಚಾಸಿ, ಅಂದರೆ ಇಡೀ ಗಾಡಿ ಹೊರುವ ಕಬ್ಬಿಣದ ಚೌಕಟ್ಟು, ನೋಡಿದ್ದು ಮಾತ್ರ ಒಂದು ಸೆಕೆಂಡೂ ಇಲ್ಲ.

ನಾನು ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು ಅಂತ ನಿಮಗೆಲ್ಲಾ ಗೊತ್ತಲ್ಲ. ಅದಕ್ಕೇ ಇಂಥದ್ದು ನೋಡಿದರೆ ಮೈ ಉರಿಯುತ್ತದೆ. ಆ ಹುಡುಗಿ ಬಾಗಿಲ ಮೆಟ್ಟಿಲ ಮೇಲೆ ಕೂತು ನಗುತ್ತಿದ್ದಾಳೆ, ಪಕ್ಕದಲ್ಲೇ ಮುಂದಿನ ಟೈರು. ವಿಡಿಯೊ ನಿಲ್ಲಿಸಿ ದೊಡ್ಡದು ಮಾಡಿ ನೋಡಿದೆ. ಟೈರಿನ ಪಕ್ಕದ ರಬ್ಬರಿನ ತುಂಬಾ ಸಣ್ಣ ಸಣ್ಣ ಬಿರುಕು. ರಸ್ತೆಗೆ ತಾಗುವ ಪಟ್ಟೆ ಹೊಸದರ ಹಾಗೆ ಇತ್ತು, ಅದನ್ನು ನೋಡಿಯೇ ಮೋಸ ಹೋಗೋದು ಜನ. ಟೈರು ಸವೆಯದಿದ್ದರೂ ಮುದಿಯಾಗುತ್ತದೆ ಸ್ವಾಮಿ. ಪಕ್ಕದಲ್ಲಿ ನಾಲ್ಕಂಕಿಯ ಒಂದು ಗುರುತು ಇರುತ್ತದೆ. 2316 ಅಂತಿದ್ದರೆ 2016ರ 23ನೇ ವಾರದಲ್ಲಿ ತಯಾರಾದದ್ದು ಅಂತ. ಅಷ್ಟು ಓದೋಕೆ ಐದು ಸೆಕೆಂಡು ಸಾಕು. ದಿಂಬಿನ ಕವರಿನ ಬಣ್ಣಕ್ಕೆ ಇಡೀ ಒಂದು ಸಂಜೆ ಚರ್ಚೆ ಮಾಡಿದ್ದಾರೆ.

ನೆಲದ ಕತೆ ಕೇಳಿ. ಬಸ್ಸಿನಲ್ಲಿ ಸೀಟುಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಅಂದರೆ ಒಂದೊಂದು ಬೋಲ್ಟಿಗೂ ತಗಡಿನಲ್ಲಿ ಒಂದೊಂದು ತೂತು. ಮಕ್ಕಳ ಒದ್ದೆ ಶೂ, ದಿನಾ ಒರೆಸುವ ನೀರು, ಎಲ್ಲಾ ರಬ್ಬರ್ ಮ್ಯಾಟಿನ ಸಂದಿಯಿಂದ ಇಳಿದು ಪ್ಲೈವುಡ್ಡು ಕುಡಿದುಬಿಡುತ್ತದೆ. ಪ್ಲೈವುಡ್ಡಿಗೂ ಕೆಳಗಿನ ತಗಡಿಗೂ ನಡುವೆ ಸಿಕ್ಕಿಕೊಂಡ ಆ ತೇವ ಎಲ್ಲಿಗೆ ಹೋಗಬೇಕು? ಅಲ್ಲೇ ಕೂತು ತಗಡು ತಿನ್ನುತ್ತದೆ. ಆದ್ದರಿಂದ ಹಳೇ ನೆಲ ಪೂರ್ತಿ ಕಿತ್ತು, ತುಕ್ಕು ಉಜ್ಜಿ, ತೂತು ಮುಚ್ಚಿ, ಪ್ರೈಮರ್ ಹೊಡೆದ ಮೇಲೇ ಹೊಸ ನೆಲ ಹಾಕಬೇಕು. ನಮ್ಮ ದಂಪತಿ ಏನು ಮಾಡಿದರು ಗೊತ್ತಾ? ಹಳೇದರ ಮೇಲೇ ಹೊಸದು ಹಾಸಿದರು. ಹಿನ್ನೆಲೆಯಲ್ಲಿ ಗಿಟಾರ್ ಬೇರೆ.

ಚಾಸಿ ಪರೀಕ್ಷೆ ಮಾಡೋಕೆ ದೊಡ್ಡ ವಿದ್ಯೆ ಏನೂ ಬೇಡ. ಒಂದು ಸಣ್ಣ ಸುತ್ತಿಗೆ, ಒಂದು ಹಳೇ ಸ್ಕ್ರೂಡ್ರೈವರ್, ಒಂದು ಟಾರ್ಚ್. ಕೆಳಗೆ ಮಲಗಿ, ನೆಲ ಹೊತ್ತ ಅಡ್ಡಪಟ್ಟಿಗಳನ್ನು ಒಂದೊಂದಾಗಿ ಬಡಿಯುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ಒಳಗೇ ಕೊಳೆತದ್ದು ಡಬ್ ಅನ್ನುತ್ತದೆ, ಮುಖದ ಮೇಲೆ ಕೆಂಪು ಪುಡಿ ಉದುರುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ, ಒಳಗೆ ಹೋಯಿತೋ, ಆ ಗಾಡಿ ಬಿಟ್ಟುಬಿಡಿ. ಹೊಸದಾಗಿ ಕಪ್ಪು ಬಣ್ಣ ಬಳಿದ ಚಾಸಿ ಕಂಡರಂತೂ ಇನ್ನೂ ಜೋರಾಗಿ ಬಡಿಯಿರಿ. ಮಾರುವವನಿಗೆ ಕೆಳಗಡೆ ಬಣ್ಣ ಹೊಡೆಯುವ ಶೋಕಿ ಯಾಕೆ ಬಂತು ಅಂತ ಯೋಚನೆ ಮಾಡಿ.

ಬಣ್ಣ ಅಂದಾಗ ಒಂದು ನೆನಪಾಯಿತು. ಅಮೆರಿಕದ ಸ್ಕೂಲ್ ಬಸ್ಸುಗಳ ಆ ಹಳದಿ ಬಣ್ಣ ನಿಗದಿಯಾದದ್ದು 1939ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಲ್ಲಿನ ಪ್ರಾಧ್ಯಾಪಕ ಫ್ರಾಂಕ್ ಸಿರ್ ಅನ್ನುವವರು ಕರೆದ ಸಭೆಯಲ್ಲಿ. ಅದೇ ಸಭೆ ಬಾಡಿಯ ಉದ್ದ, ಚಾವಣಿಯ ಎತ್ತರ, ನಡುವಿನ ದಾರಿಯ ಅಗಲ ಅಂತ ಒಟ್ಟು 44 ನಿಯಮ ಮಾಡಿತ್ತು. ಜನರ ನೆನಪಲ್ಲಿ ಉಳಿದದ್ದು ಬಣ್ಣ ಒಂದೇ. ಆವತ್ತಿನಿಂದಲೂ ಇದೇ ಗೋಳು ನೋಡಿ.

ತಂಗಿ ಮಗನ ಹತ್ತಿರ ಇದನ್ನೆಲ್ಲಾ ಕಾರಿಕೊಂಡರೆ ಅವನದು ಒಂದೇ ಮಾತು: "ಮಾವ, ಅವರ ದುಡ್ಡು, ಅವರ ಬಸ್ಸು, ನಿಮಗ್ಯಾಕೆ ಉರಿ? ಐವತ್ತು ಜನ ಹೊತ್ತ ಬಸ್ಸು ಎರಡು ಜನರ ಮನೆ ಹೊರಲ್ವಾ?" ಲೆಕ್ಕ ಸರಿಯಾಗೇ ಇದೆ ಅನ್ನಿಸುತ್ತದೆ ಅಲ್ವಾ? ಐವತ್ತು ಜನ ಅಂದರೆ ಮೂರು ಟನ್ನಿನ ಹತ್ತಿರ. ಮನೆ ಅಷ್ಟು ತೂಗದೇ ಇರಬಹುದು. ಆದರೆ ಜನ ಎಡಕ್ಕೂ ಬಲಕ್ಕೂ ಹಂಚಿ ಕೂರುತ್ತಾರೆ. ಮನೆ ಹಾಗೆ ಕೂರುವುದಿಲ್ಲ. ಅಡುಗೆ ಕಟ್ಟೆ, ಫ್ರಿಜ್ಜು, ಬ್ಯಾಟರಿ, ನೀರಿನ ಟ್ಯಾಂಕು ಎಲ್ಲಾ ಒಂದೇ ಮಗ್ಗುಲಿಗೆ ಹೋಗಿ ಕೂತಿರುತ್ತವೆ, ಪೈಪು ವೈರು ಹತ್ತಿರ ಆಗುತ್ತದೆ ಅಂತ. 300 ಲೀಟರ್ ನೀರು ಅಂದರೆ 300 ಕಿಲೋ. ಅದೂ ಟ್ಯಾಂಕು ಅರ್ಧ ಖಾಲಿಯಾದಾಗ ಬ್ರೇಕ್ ಒತ್ತಿದರೆ ನೀರು ಮುಂದಕ್ಕೆ ಬಂದು ಗುದ್ದುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಎಳೆಯುತ್ತದೆ. ಇದು ಸಾಲದು ಅಂತ ಚಾವಣಿಯ ಮೇಲೆ ಕೂತು ಸೂರ್ಯಾಸ್ತ ನೋಡೋಕೆ ಮರದ ಅಟ್ಟಣಿಗೆ! ತೂಕ ಮೇಲೇರಿದಷ್ಟೂ ಗಾಡಿ ವಾಲುವುದು ಜಾಸ್ತಿ. ಎಲ್ಲಾ ಮುಗಿದ ಮೇಲಾದರೂ ವೇ ಬ್ರಿಡ್ಜಿಗೆ ಒಯ್ದು, ಮುಂದೆಷ್ಟು, ಹಿಂದೆಷ್ಟು, ಎಡಕ್ಕೆಷ್ಟು, ಬಲಕ್ಕೆಷ್ಟು ಅಂತ ನೋಡಿದರೋ? ವಿಡಿಯೊದಲ್ಲಂತೂ ಇಲ್ಲ. ಇನ್ನು 'ಅವರ ಬಸ್ಸು' ಅನ್ನೋ ಮಾತು. ಬಸ್ಸು ಅವರದೇ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯದಿದ್ದರೆ ಎದುರಿಗೆ ಬರುವ ಸ್ಕೂಟರಿನವನು ಅವರವನಲ್ಲವಲ್ಲ.

ಕರೆಂಟಿನ ವಿಷಯ ಜಾಸ್ತಿ ಬರೆಯಲ್ಲ, ಬರೆದರೆ ರಕ್ತದೊತ್ತಡ ಏರುತ್ತದೆ. 12 ವೋಲ್ಟಿನ 200 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿ ಒಂದು ಇಟ್ಟುಕೊಂಡು, 1800 ವ್ಯಾಟಿನ ಇಂಡಕ್ಷನ್ ಒಲೆ ಉರಿಸುತ್ತಾರಂತೆ. ಆ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬಾರದು. ಅಂದರೆ ಬಳಸೋಕೆ ಸಿಗೋದು 100 ಆಂಪಿಯರ್-ಅವರ್, ಗಂಟೆಗೆ 100 ಆಂಪಿಯರ್ ಎಳೆಯುವಷ್ಟು. ಒಲೆಗೆ 150 ಆಂಪಿಯರ್ (1800 ಭಾಗಿಸು 12) ಎಳೆದರೆ ಅರ್ಧ ಗಂಟೆ ತಳ್ಳುವುದೇ ಕಷ್ಟ. ಕೇಬಲ್ ತೆಳ್ಳಗಿದ್ದರೆ ಅದೇ ಒಲೆಯಾಗುತ್ತದೆ. ಗ್ಯಾಸಿಗೆ ಹೋದರೆ ಅದರ ದಾರಿ ಬೇರೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ಕೂರುತ್ತದೆ. ಅದಕ್ಕೇ ಸಿಲಿಂಡರ್ ಗೂಡಿನ ತಳದಲ್ಲಿ ಹೊರಗೆ ಹೋಗುವ ತೂತು ಇರಲೇಬೇಕು. ಆ ತೂತು ಕೊರೆಯೋಕೂ ಕೆಳಗೇ ಬಗ್ಗಬೇಕಲ್ಲ, ಅದೇ ಕಷ್ಟ ಇವರಿಗೆ.

ಇಷ್ಟೆಲ್ಲಾ ಬೈದ ಮೇಲೆ ಒಂದು ಮಾತು ಹೇಳಿಬಿಡುತ್ತೇನೆ, ನಗಬೇಡಿ. ನನಗೂ ಆಸೆ ಇದೆ. ಈಗಿನದಲ್ಲ, ಮೀಸೆ ಕಪ್ಪಗಿದ್ದಾಗಿನದು. ಮೇಜಿನ ಡ್ರಾಯರಿನಲ್ಲಿ ಒಂದು ನಕ್ಷೆ ಇದೆ, ಅಳತೆ ಸಮೇತ. ನೀರಿನ ಟ್ಯಾಂಕು ಎರಡು ಆಕ್ಸಲ್‌ಗಳ ನಡುವೆ, ಚಾಸಿಯ ಮಟ್ಟದಲ್ಲಿ, ನೀರು ಗುದ್ದದ ಹಾಗೆ ಒಳಗೆ ಅಡ್ಡತಡಿಕೆ ಸಮೇತ. ಬ್ಯಾಟರಿ ಎದುರು ಮಗ್ಗುಲಿಗೆ. ಗೋಡೆಯ ಕಬ್ಬಿಣದ ಪಕ್ಕೆಗಳಿಗೂ ಒಳಗಿನ ಮರಕ್ಕೂ ನಡುವೆ ಫೋಮ್, ಇಲ್ಲವಾದರೆ ಚಳಿಗಾಲದಲ್ಲಿ ನಮ್ಮದೇ ಉಸಿರಿನ ತೇವ ಕಬ್ಬಿಣದ ಮೇಲೆ ನೀರಾಗಿ ಇಳಿದು ಮರ ಬೂಷ್ಟು ಹಿಡಿಯುತ್ತದೆ. ಮನೆಯವಳಿಗೆ ಒಮ್ಮೆ ತೋರಿಸಿದ್ದೆ. ಅವಳು ಪೂರ್ತಿ ನೋಡಿ ಕೇಳಿದ್ದು ಒಂದೇ: "ಈ ಟಾಯ್ಲೆಟ್ ಡಬ್ಬಿ ಖಾಲಿ ಮಾಡೋರು ಯಾರು?" ಇಪ್ಪತ್ತು ಲೀಟರ್ ಡಬ್ಬಿ, ಇಬ್ಬರಿಗೆ ಎರಡು ಮೂರು ದಿನಕ್ಕೇ ತುಂಬುತ್ತದೆ. ನಕ್ಷೆ ಮತ್ತೆ ಡ್ರಾಯರ್ ಸೇರಿತು. ಹಾಗಾಗಿ ಹೊಟ್ಟೆಕಿಚ್ಚು ಇಲ್ಲ ಅಂತ ಸುಳ್ಳು ಹೇಳಲ್ಲ. ಅವರು ಹೊರಟೇಬಿಟ್ಟರು, ನಾನು ಕೂತು ಪೋಸ್ಟ್ ಬರೆಯುತ್ತಿದ್ದೇನೆ. ಆದರೂ ಆ ಟೈರು, ಆ ನೆಲ... ಬೇಡ, ಮತ್ತೆ ಶುರುವಾಯಿತು.

ಎಲ್ಲಾ ಹಳೇ ಗಾಡಿಯೂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ವಯಸ್ಸಾಯಿತು ಅನ್ನೋ ಒಂದೇ ಕಾರಣಕ್ಕೆ ಸೇವೆಯಿಂದ ತೆಗೆದ, ಚೆನ್ನಾಗಿ ನೋಡಿಕೊಂಡ ಬಸ್ಸುಗಳು ಸಿಗುತ್ತವೆ. ಸರ್ವಿಸ್ ಪುಸ್ತಕ ಕೇಳಿ ಓದಬೇಕು ಅಷ್ಟೆ.

ಅಂದಹಾಗೆ, ಮೊನ್ನೆ ಮೆಸೇಜ್ ಮಾಡಿ "ಅಣ್ಣಾ, ಒಂದು ಹಳೇ ಮಿನಿ ಬಸ್ ಕಣ್ಣಿಗೆ ಬಿದ್ದಿದೆ, ಒಳಗಿನ ಚಾವಣಿಗೆ ಯಾವ ಮರ ಹಾಕಿಸಲಿ" ಅಂತ ಕೇಳಿದ ಗೆಳೆಯರೇ, ಇನ್ನೂ ಉತ್ತರ ಕೊಟ್ಟಿಲ್ಲ ಅಂತ ಬೇಜಾರು ಮಾಡ್ಕೋಬೇಡಿ. ಹಿಂದಿನ ಚಕ್ರದ ಮೇಲಿನ ಗೂಡು, ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿ) ಚಾಸಿಗೆ ಕೂರುವ ಜಾಗ, ಮೆಟ್ಟಿಲಿನ ಅಡಿಭಾಗ, ಆರೂ ಟೈರಿನ ಆ ನಾಲ್ಕಂಕಿ, ಇಷ್ಟರ ಫೋಟೊ ಕಳಿಸಿ. ಟಾರ್ಚ್ ಹಾಕಿ ತೆಗೆಯಿರಿ. ಅಡ್ವಾನ್ಸ್ ಮಾತ್ರ ಇನ್ನೂ ಕೊಡಬೇಡಿ.